ಏಳನೇ ನಂಬರಿನ ಸೂಜಿ

ಶಾಂತಕ್ಕ, ನಿಮ್ಮ ಯಜಮಾನರಿಗೆ ಅಂದು ಬಿಸಿಲು ಬಡಿದಿರಲಿಲ್ಲ. ಅವರ ತೋಳಿಗೆ ತಪ್ಪು ಸೂಜಿ ಚುಚ್ಚಿದವಳು ನಾನು. ಅದು ನನಗೆ ಅಂದೇ, ಆಗಲೇ ಗೊತ್ತಾಗಿತ್ತು. ಗೊತ್ತಿದ್ದೂ ಡಾಕ್ಟರಿಗೆ ಸುಳ್ಳು ಹೇಳಿದೆ. ಆಮೇಲೆ ನಿಮಗೂ —

ಇಷ್ಟು ಬರೆಯುವುದಕ್ಕೆ ಮೂವತ್ತು ವರ್ಷಕ್ಕೂ ಹೆಚ್ಚು ಹಿಡಿಯಿತು. ಮೊದಲಿನ ನಾಲ್ಕು ಸಾಲು ಬರೆದ ಮೇಲೆ ಎದ್ದು ಹೋಗಿ ಪಾತ್ರೆ ತೊಳೆದು ಬಂದೆ. ತೊಳೆಯುವ ಪಾತ್ರೆ ಇರಲಿಲ್ಲ, ತೊಳೆದಿಟ್ಟಿದ್ದನ್ನೇ ಮತ್ತೆ ತೊಳೆದೆ. ಹೇಡಿಗಳಿಗೆ ಯಾವಾಗಲೂ ಏನಾದರೊಂದು ಕೆಲಸ ಸಿಗುತ್ತದೆ.

ಎಂಬತ್ತರ ದಶಕದ ನಡುವಿನ ಮಾತು. ನಾಗಪುರದ ಸದರ್ ಬಡಾವಣೆಯಲ್ಲಿದ್ದ ಆ ಆಸ್ಪತ್ರೆಯ ಹೆಸರು ಬೇಡ, ಈಗ ಅದಿಲ್ಲ. ನಾನು ಗದಗಿನ ಕಡೆಯಿಂದ ಬಂದವಳು, ಗಂಡಸರ ವಾರ್ಡಿನ ಸಿಸ್ಟರ್. ಚುರುಕು ಎಂದು ಹೆಸರಾಗಿದ್ದೆ. ಬೇರೆಯವರು ಒಂದು ತಾಸು ತೆಗೆದುಕೊಳ್ಳುವ ಬೆಳಗಿನ ಸೂಜಿಗಳನ್ನು ನಾನು ಅರ್ಧ ತಾಸಿನಲ್ಲಿ ಮುಗಿಸುತ್ತಿದ್ದೆ. ಆತುರಗಾರನಿಗೆ ಬುದ್ಧಿ ಮಟ್ಟ ಎನ್ನುತ್ತಾರೆ. ನನಗೆ ಆ ಆತುರವೇ ಬುದ್ಧಿವಂತಿಕೆಯ ಗುರುತಾಗಿ ಕಂಡಿತ್ತು.

ನನ್ನ ಚುರುಕಿನ ಗುಟ್ಟು ಒಂದು ಚೀಟಿ. ಅದರಲ್ಲಿ ಹೆಸರುಗಳಿರುತ್ತಿರಲಿಲ್ಲ, ಮಂಚದ ನಂಬರು ಮಾತ್ರ. ನಾಲ್ಕಕ್ಕೆ ಪೆನಿಸಿಲಿನ್, ಏಳಕ್ಕೆ ಇನ್ಸುಲಿನ್, ಒಂಬತ್ತಕ್ಕೆ ಇನ್ನೇನೋ. ನಾವೆಲ್ಲ ರೋಗಿಗಳನ್ನು ಕರೆಯುತ್ತಿದ್ದುದೂ ಹಾಗೆಯೇ. ಏಳು ನಂಬರಿನವನಿಗೆ ಜ್ವರ, ಹತ್ತು ನಂಬರಿನವನು ಇವತ್ತು ಮನೆಗೆ. ಮಂಚಗಳು ಕಾಯಿಲೆ ಬೀಳುತ್ತಿದ್ದವು, ಮಂಚಗಳೇ ಗುಣವಾಗುತ್ತಿದ್ದವು. ಮನುಷ್ಯರ ಮುಖ ನೋಡುವ ಕೆಲಸ ನಮಗೆ ಉಳಿದಿರಲಿಲ್ಲ.

ಆ ಏಳನೇ ಮಂಚ ಕೂಲರಿನ ಎದುರಿಗಿತ್ತು. ನಾಗಪುರದ ಮೇ ತಿಂಗಳೆಂದರೆ ನಿಮಗೆ ಹೇಳಬೇಕೆ? ವಾರ್ಡಿಗೆಲ್ಲ ಇದ್ದದ್ದು ಅದೊಂದೇ ಕೂಲರು. ಏಳರಲ್ಲಿದ್ದವರು ಭೋಯರ್ ಕಾಕಾ, ಸಕ್ಕರೆ ಕಾಯಿಲೆಯ ಮುದುಕರು. ಆ ಒದ್ದೆ ಗಾಳಿಗೆ ಅವರ ಮೊಣಕಾಲು ಹಿಡಿಯುತ್ತಿತ್ತು, ದಿನವೂ ಗೊಣಗುತ್ತಿದ್ದರು. ನಿಮ್ಮ ಯಜಮಾನರು, ಗುರುನಾಥರಾಯರು, ಹರ್ನಿಯಾ ಆಪರೇಷನ್ನಿಗೆಂದು ಹಿಂದಿನ ಮಧ್ಯಾಹ್ನ ಭರ್ತಿಯಾಗಿ ಮೂಲೆಯ ಹನ್ನೆರಡನೇ ಮಂಚದಲ್ಲಿ ಬೆವರುತ್ತಿದ್ದರು. ಸಂಜೆ ಇಬ್ಬರೂ ತಾವೇ ಮಾತಾಡಿಕೊಂಡು ಮಂಚ ಬದಲಿಸಿಕೊಂಡರು. ಬೇಸಿಗೆಯಲ್ಲಿ ನಮ್ಮ ವಾರ್ಡಿನಲ್ಲಿ ಇದು ನಡೆದೇ ಇತ್ತು. ಬಸ್ಸಿನಲ್ಲಿ ಕಿಟಕಿಯ ಸೀಟು ಬಿಟ್ಟುಕೊಟ್ಟಷ್ಟು ಸಲೀಸಾಗಿ ಜನ ಕೂಲರಿನ ಜಾಗ ಬಿಟ್ಟುಕೊಡುತ್ತಿದ್ದರು. ಅವರ ತಪ್ಪೇನೂ ಇಲ್ಲ. ತಮ್ಮ ಹೆಸರು ಮಂಚದ ನಂಬರಾಗಿದೆ ಎಂದು ಅವರಿಗೆ ಯಾರು ಹೇಳಿದ್ದರು?

ನನಗೆ ಮಾತ್ರ ಹೇಳಿದ್ದರು. ಮಾರನೆಯ ಬೆಳಗ್ಗೆ ಆರೂವರೆಗೆ ನಾನು ಗಾಜಿನ ಸಿರಿಂಜುಗಳನ್ನು ಕುದಿಯಲು ಇಟ್ಟಿದ್ದಾಗ ವಾರ್ಡಿನ ಆಯಾ ಯಮುನಾ ಮಾವಶಿ ಬಂದು, ಏಳು ಮತ್ತು ಹನ್ನೆರಡು ಅದಲುಬದಲಾಗಿವೆ, ಹಾಸಿಗೆಯ ಚಾದರವನ್ನೂ ಬದಲಿಸಿದ್ದೇನೆ ಎಂದಳು. ನಾನು ಹೂಂ ಹೂಂ ಎಂದೆ. ನನ್ನ ಗಮನವೆಲ್ಲ ಕುದಿಯುವ ನೀರಿನ ಮೇಲಿತ್ತು. ಇಲ್ಲ, ಅದೂ ಸುಳ್ಳು. ಆಯಾ ಹೇಳಿದ್ದನ್ನು ಕಿವಿಗೊಟ್ಟು ಕೇಳುವ ಅಭ್ಯಾಸ ನನಗಿರಲಿಲ್ಲ.

ಏಳನೇ ಮಂಚದ ಮೇಲೆ ಒಬ್ಬರು ತಲೆಯ ತನಕ ಚಾದರ ಹೊದ್ದು ಮಲಗಿದ್ದರು. ಹಿಂದಿನ ರಾತ್ರಿ ಕೊಟ್ಟ ನಿದ್ದೆ ಮಾತ್ರೆಯ ಮಂಪರು. ನಾನು ತೋಳು ಎಳೆದೆ, ಒರೆಸಿದೆ, ಚುಚ್ಚಿದೆ. ಚಾದರದೊಳಗಿಂದ ಮಾತು ಬಂತು.

"ನನಗೂ ಸೂಜಿ ಐತೇನ್ರೀ, ಅಕ್ಕಾರ?"

"ಹೂಂರಿ, ಆತು ನೋಡ್ರಿ. ಮಲ್ಕೋರಿ."

ಶಾಂತಕ್ಕ, ಇಲ್ಲಿ ಒಂದು ಗಳಿಗೆ ನಿಲ್ಲಿ. ಭೋಯರ್ ಕಾಕಾ ಹುಟ್ಟು ನಾಗಪುರದವರು, ಅವರಿಗೆ ಕನ್ನಡದ ಒಂದಕ್ಷರವೂ ಬಾರದು. ಅವರ ಮಂಚದಿಂದ ಕನ್ನಡ ಕೇಳಿದರೆ ನನ್ನ ಕೈ ಅಲ್ಲೇ ನಿಲ್ಲಬೇಕಿತ್ತು. ಮರಾಠಿಯಲ್ಲೋ ಹಿಂದಿಯಲ್ಲೋ ಯಾರಾದರೂ ಕೇಳಿದ್ದರೆ ಉತ್ತರ ಕೊಡಲು ಒಂದು ಕ್ಷಣ ಯೋಚಿಸುತ್ತಿದ್ದೆ. ಕನ್ನಡಕ್ಕೆ ಯೋಚನೆಯೇ ಬೇಕಾಗಲಿಲ್ಲ. ತವರಿನ ಮಾತು — ಕಿವಿಗೆ ಬಿತ್ತು, ಬಾಯಿ ತಾನೇ ಉತ್ತರ ಕೊಟ್ಟಿತು, ತಲೆಗೆ ಸುದ್ದಿಯೇ ಮುಟ್ಟಲಿಲ್ಲ. ಹೊರನಾಡಿನಲ್ಲಿ ನಮ್ಮ ಭಾಷೆ ಕೇಳಿದರೆ ಜನ ಓಡಿ ಬಂದು ಮುಖ ನೋಡುತ್ತಾರೆ. ನಾನು ಟ್ರೇ ಎತ್ತಿಕೊಂಡು ಮುಂದಿನ ಮಂಚಕ್ಕೆ ಹೋದೆ.

ಆಪರೇಷನ್ನಿಗೆಂದು ರಾಯರು ಹಿಂದಿನ ರಾತ್ರಿಯಿಂದ ಉಪವಾಸ. ಸಕ್ಕರೆ ಕಾಯಿಲೆಯೇ ಇಲ್ಲದ, ಖಾಲಿ ಹೊಟ್ಟೆಯ ಮನುಷ್ಯನಿಗೆ ಇನ್ಸುಲಿನ್ ಕೊಟ್ಟರೆ ರಕ್ತದ ಸಕ್ಕರೆ ಇಳಿಯುತ್ತಾ ಹೋಗುತ್ತದೆ, ಮಿದುಳಿಗೆ ಅನ್ನ ನಿಲ್ಲುತ್ತದೆ. ತಕ್ಷಣ ಗ್ಲೂಕೋಸ್ ಕೊಟ್ಟರೆ ಏಳುತ್ತಾರೆ. ತಡವಾದರೆ —

ಒಂಬತ್ತಕ್ಕೆ ಮೂಲೆಯಿಂದ ಭೋಯರ್ ಕಾಕಾ ನನ್ನನ್ನು ಕೂಗಿ, ಚಹಾ ಬಂದರೂ ತಮ್ಮ ಇಂಜೆಕ್ಷನ್ ಇನ್ನೂ ಬಂದಿಲ್ಲವಲ್ಲ ಎಂದರು. ಹನ್ನೆರಡನೇ ಮಂಚದಲ್ಲಿ ಅವರ ಮುಖ ಕಂಡಾಗಲೇ ನನಗೆ ಎಲ್ಲವೂ ತಿಳಿಯಿತು. ತಿರುಗಿ ನೋಡಿದರೆ ಏಳರ ಬಳಿ ಸ್ಟ್ರೆಚರ್ ತಂದವರು ಕೂಗುತ್ತಿದ್ದರು. ರಾಯರು ಬೆವರಿನಲ್ಲಿ ನೆನೆದು ಹೋಗಿದ್ದರು, ಏನೇನೋ ತೊದಲುತ್ತಿದ್ದರು. ಡಾಕ್ಟರು ಓಡಿ ಬಂದರು. ನಿನ್ನೆ ಮಧ್ಯಾಹ್ನ ರಿಕ್ಷಾದಲ್ಲಿ ಬಂದವರು ಎಂದು ಯಾರೋ ಹೇಳಿದರು. ಲೂ ಬಡಿದಿದೆ, ಬಿಸಿಗಾಳಿಯ ಹೊಡೆತ ಎಂದುಕೊಂಡರು ಡಾಕ್ಟರು. ಆ ವಾರ ಅಂಥವರೇ ಸಾಲಾಗಿ ಬರುತ್ತಿದ್ದರು. ಆದರೂ ಒಳ್ಳೆಯ ಮನುಷ್ಯ, ಬೆಳಗ್ಗೆ ಇವರಿಗೆ ಏನಾದರೂ ಸೂಜಿ ಕೊಟ್ಟಿದ್ದಿರಾ ಎಂದು ಒಂದು ಮಾತು ಕೇಳಿದರು.

"ಸಿಸ್ಟರ್, ಸುಬಹ್ ಇನಕೋ ಕೋಈ ಇಂಜೆಕ್ಷನ್ ದಿಯಾ ಥಾ?"

"ನಹೀಂ, ಡಾಕ್ಟರ್."

ತಪ್ಪು ಸೂಜಿ ಕೈಯ ತಪ್ಪು. ಇಲ್ಲ ಎಂದ ಈ ಸುಳ್ಳು ನನ್ನದು, ಪೂರ್ತಿ ನನ್ನದು. ಕೆಲಸ ಹೋಗುತ್ತದೆ ಎಂಬ ಹೆದರಿಕೆ ಇತ್ತು ಎಂದು ಬರೆದಿದ್ದೆ, ಹೊಡೆದು ಹಾಕಿದೆ. ನಿಜ ಅದಕ್ಕಿಂತ ಸಣ್ಣದು, ಇನ್ನೂ ಕೀಳಾದದ್ದು. ಸುತ್ತ ನಿಂತ ಎಂಟು ಹತ್ತು ಜನರ ಎದುರು ಚುರುಕು ಸಿಸ್ಟರಿಗೆ ನಾಚಿಕೆಯಾಯಿತು.

ಅವರು ಮಂಜುಗಡ್ಡೆ ತರಿಸಿದರು, ಬರೀ ಸಲೈನ್ ಏರಿಸಿದರು. ನಾನು ಮಂಜುಗಡ್ಡೆ ಹಿಡಿದುಕೊಂಡು ನಿಂತೆ. ಕೈಯಳತೆಯಲ್ಲೇ ಔಷಧಿಯ ಕಪಾಟು, ಅದರಲ್ಲಿ ಗ್ಲೂಕೋಸಿನ ಸೀಸೆಗಳ ಸಾಲು. ಡಾಕ್ಟರು ಬೇರೆ ವಾರ್ಡಿಗೆ ಹೋದ ಮೇಲೆ ಯಮುನಾ ಮಾವಶಿ ನನ್ನ ಮುಖ ನೋಡಿದಳು. ಅವಳಿಗೆ ಗೊತ್ತಾಗಿತ್ತು.

"ಸಾಂಗೂನ್ ಟಾಕಾ ನಾ, ಸಿಸ್ಟರ್," ಎಂದಳು ಮೆಲ್ಲಗೆ. ಹೇಳಿಬಿಡಿ.

ಹೇಳಲಿಲ್ಲ. ಗೋಡೆ ಗಡಿಯಾರದಲ್ಲಿ ಮುಕ್ಕಾಲು ತಾಸು ಹೋಯಿತು. ರಾಯರಿಗೆ ಸೆಳೆತ ಬಂತು. ಆಗ, ಯಾರೂ ಕಾಣದಂತೆ, ಸಲೈನಿನ ನಳಿಗೆಗೆ ಗ್ಲೂಕೋಸ್ ಸೇರಿಸಿದೆ. ಸೆಳೆತ ನಿಂತಿತು. ಮಧ್ಯಾಹ್ನದ ಹೊತ್ತಿಗೆ ಕಣ್ಣು ಬಿಟ್ಟರು. ಆಸ್ಪತ್ರೆಯ ಎಲ್ಲರೂ ದೇವರು ದೊಡ್ಡವನು ಎಂದರು, ನಾನೂ ಅಂದೆ.

ನೀವು ವರಾಂಡದ ಬೆಂಚಿನ ಮೇಲೆ ಮಗಳು ವೀಣಾಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಿರಿ. ಐದೋ ಆರೋ ವರ್ಷದ ಹುಡುಗಿ. ನನ್ನನ್ನು ಕಂಡು ಸೆರಗಿನ ತುದಿ ಹಿಡಿದು ಎದ್ದಿರಿ.

"ಸಂಜಿಗೆ ಹೋಗೂಣು ಅಂದಿದ್ರು ಅವರು. ನಾನs ಕೇಳಲಿಲ್ರೀ, ಉರಿ ಬಿಸಿಲಾಗ ಕರ್ಕೊಂಡು ಬಂದೆ. ಅದಕ್ಕs ಹಿಂಗಾತೇನ್ರೀ, ಅಕ್ಕಾರ?"

ದೇವರು ನನಗೆ ಕೊಟ್ಟ ಇನ್ನೊಂದು ಅವಕಾಶ ಅದು. ಒಂದು ಇಲ್ಲ ಎಂದಿದ್ದರೂ ಸಾಕಿತ್ತು. ಏನೂ ಹೇಳದೆ ಹೋಗಿದ್ದರೂ —

"ಬಿಸಿಲು ಭಾಳ ಇತ್ತಲ್ರೀ," ಎಂದೆ. "ಏನ್ ಮಾಡೋದು, ತಿಳೀಲಾರದs ಆಗೇತಿ."

ನಿಮ್ಮ ಹೆಗಲ ಮೇಲೆ ಕೈ ಬೇರೆ ಇಟ್ಟೆ.

ಆಮೇಲಿನದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ರಾಯರು ಬದುಕಿದರು, ಆದರೆ ಸರ್ಕಾರಿ ಆಫೀಸಿನಲ್ಲಿ ನಕ್ಷೆ ಬರೆಯುತ್ತಿದ್ದ ಮನುಷ್ಯನಿಗೆ ಗೆರೆ ಎಲ್ಲಿಂದ ಎಲ್ಲಿಗೆ ಎಂಬುದು ಮರೆತುಹೋಗುತ್ತಿತ್ತು. ಅವರನ್ನು ಟಪಾಲು ವಿಂಗಡಿಸುವ ಮೇಜಿಗೆ ಹಾಕಿದರಂತೆ. ಒಮ್ಮೆ ಸದರ್ ಬಜಾರಿನಲ್ಲಿ ಕೈಚೀಲ ಹಿಡಿದು ನಿಂತಿದ್ದರು. ನಾನು ಮಾತಾಡಿಸಿದೆ. ಮನೆ ಯಾವ ಕಡೆಗೆ ಎಂದು ನನ್ನನ್ನೇ ಕೇಳಿದರು, ಸಂಕೋಚದಿಂದ, ನಗುತ್ತಾ. ಕೈ ಹಿಡಿದು ನಿಮ್ಮ ಬಾಗಿಲ ತನಕ ಬಿಟ್ಟೆ. ನೀವು ಚಹಾ ಮಾಡಿ ಕೊಟ್ಟಿರಿ, ನನ್ನಂಥ ಸಿಸ್ಟರು ಎಲ್ಲಿ ಸಿಗುತ್ತಾರೆ ಎಂದಿರಿ. ಆ ಚಹಾ ಕುಡಿದೆ.

ಮುಂದೆ ನಾನು ನರ್ಸಿಂಗ್ ಶಾಲೆಯಲ್ಲಿ ಪಾಠ ಹೇಳುವವಳಾದೆ. ಎಲ್ಲರಿಗಿಂತ ಕಟ್ಟುನಿಟ್ಟು ಎಂದು ಹೆಸರಾಯಿತು. ಸೂಜಿ ಹಿಡಿಯುವ ಮುಂಚೆ ಹೆಸರು ಕೇಳಿ. ನೀವಾಗಿ ಹೆಸರು ಹೇಳಿ ಹೌದಾ ಎನ್ನಬೇಡಿ, ಮಂಪರಿನಲ್ಲಿದ್ದವರು ಎಲ್ಲಕ್ಕೂ ಹೌದೆನ್ನುತ್ತಾರೆ. ಅವರ ಬಾಯಿಂದಲೇ ಹೇಳಿಸಿ. ಹೇಳಲಾಗದವರ ಹೆಸರನ್ನು ಮನೆಯವರಿಂದ ಕೇಳಿ, ಕಾಗದದ ಜೊತೆ ತಾಳೆ ನೋಡಿ. ಮುಖದ ಮೇಲಿನ ಚಾದರ ಸರಿಸಿ. ಆಯಾ ಏನಾದರೂ ಹೇಳಿದರೆ ಕೈಯಲ್ಲಿದ್ದ ಕೆಲಸ ಬಿಟ್ಟು ಕೇಳಿ. ಹುಡುಗಿಯರು ಬರೆದುಕೊಂಡರು. ಉದಾಹರಣೆಗೆ ಒಂದು ಕತೆಯನ್ನೂ ಹೇಳುತ್ತಿದ್ದೆ: ನನಗೆ ಗೊತ್ತಿದ್ದ ಒಬ್ಬ ಸಿಸ್ಟರ್ ಹೀಗೆ ಮಾಡಿದಳು ಎಂದು. ಆಮೇಲೆ ಏನಾಯಿತು ಎಂದು ಒಬ್ಬಳು ಕೇಳಿದ್ದಳು. ರೋಗಿ ಬದುಕಿದ ಎಂದೆ.

ತಪ್ಪಾದರೆ ಆ ಗಳಿಗೆಯಲ್ಲೇ ಬಾಯಿ ಬಿಡಿ ಎಂಬ ಪಾಠವನ್ನು ಮಾತ್ರ ಯಾವ ವರ್ಷವೂ ಹೇಳಲಿಲ್ಲ. ರಾಯರನ್ನು ಸೂಜಿಗಿಂತ ಹೆಚ್ಚು ಕೆಡಿಸಿದ್ದು ಆ ಮುಕ್ಕಾಲು ತಾಸು. ಅದನ್ನು ಕಲಿಸಲು ನಾನು ಬಾಯಿ ತೆರೆದರೆ, ಯಾವ ಮುಖದಿಂದ?

ರಾಯರು ಹೋದ ಸುದ್ದಿ ಹೋದ ತಿಂಗಳು ಕನ್ನಡದವರ ಒಂದು ಮದುವೆಯಲ್ಲಿ ತಿಳಿಯಿತು. ಜೊತೆಗೆ ಇನ್ನೊಂದು ಮಾತೂ ತಿಳಿಯಿತು. ಹತ್ತನೆಯ ದಿನ ವೀಣಾ ನಿಮಗೆ ಎಲ್ಲರೆದುರೇ ಅಂದಳಂತೆ: ಅವ್ವಾ, ಅವತ್ತು ನೀ ಸಂಜಿಗೆ ಕರ್ಕೊಂಡು ಹೋಗಿದ್ರ ನಮ್ಮಪ್ಪ ಹಿಂಗ ಆಗ್ತಿದ್ದಿಲ್ಲ. ನೀವು ತಲೆ ತಗ್ಗಿಸಿ, ಹೌದು ಎಂದಿರಂತೆ.

ಅದನ್ನು ಹೇಳಿದವರು ಹೋಳಿಗೆ ತಿನ್ನುತ್ತಲೇ ಹೇಳಿದರು. ನಾನು ಎಲೆ ಬಿಟ್ಟು ಎದ್ದೆ.

ಆ ಮಗು ದೊಡ್ಡವಳಾಗಿ, ಬ್ಯಾಂಕಿನಲ್ಲಿ ಕೆಲಸ ಮಾಡಿ, ತನ್ನ ಮಕ್ಕಳನ್ನು ಬೆಳೆಸುವ ತನಕ ನನ್ನ ಸುಳ್ಳನ್ನು ನಂಬಿ ಹೆತ್ತ ತಾಯಿಯನ್ನು ದೂರಿದ್ದಾಳೆ. ನೀವು ಅದನ್ನು ಒಪ್ಪಿಕೊಂಡು ಬಾಳಿದ್ದೀರಿ. ಕ್ಷಮಿಸಿ ಎಂದು ಕೇಳಲು ಕೈ ಬರುತ್ತಿಲ್ಲ, ಕೇಳುವುದೂ ಇಲ್ಲ. ಕ್ಷಮೆ ಕೇಳಿದರೆ ಮತ್ತೆ ನಿಮ್ಮ ಮೇಲೆಯೇ ಒಂದು ಕೆಲಸ ಹೊರಿಸಿದಂತೆ.

ಇದನ್ನು ಅಂಚೆಗೆ ಹಾಕುವುದಿಲ್ಲ. ಭಾನುವಾರ ಬೆಳಗ್ಗೆ, ವೀಣಾ ಮನೆಯಲ್ಲಿರುವ ಹೊತ್ತಿಗೆ ಬರುತ್ತೇನೆ. ಮೊದಲು ಅವಳನ್ನು ಕೂರಿಸಿ ಓದುತ್ತೇನೆ, ನೀವು ಪಕ್ಕದಲ್ಲಿರಿ. ಅವಳು ಏನಂದರೂ ಕೇಳಿಕೊಳ್ಳುತ್ತೇನೆ. ಚಹಾ ಮಾತ್ರ ಮಾಡಬೇಡಿ.