ಎತ್ತಿನ ಗುಡ್ಡೆಯ ಹುಲ್ಲು

ನಮ್ಮ ಹಟ್ಟಿಯಲ್ಲಿ ಒಬ್ಬ ಕ್ರೈಸ್ತ ಪಾದ್ರಿ ಎರಡು ಮಳೆಗಾಲ ಇದ್ದರು. ಮತ ಬದಲಾಯಿಸಲು ಬಂದಿದ್ದಾರೆ ಎಂದು ಮೊದಲು ಎಲ್ಲರೂ ಗೊಣಗಿದರು. ಅವರು ದೇವರ ಸುದ್ದಿಯನ್ನೇ ಎತ್ತಲಿಲ್ಲ. ಮಂಗಳೂರು ಕಡೆಯವರು, ಪುಸ್ತಕದ ಮಾತು. ಓದಿದ್ದು ಹುಲ್ಲಿನ ಶಾಸ್ತ್ರವಂತೆ. ಹಿಮದ ಬೆಟ್ಟ, ಮರಳುಗಾಡು, ಜನರಿಲ್ಲದ ದ್ವೀಪ ಎಲ್ಲ ಸುತ್ತಿ, ಕಾಲು ಸೋತ ಮೇಲೆ ದನ ಮೇಯುವ ನಮ್ಮ ಉಳ್ಳಾರ್ತಿ ಕಾವಲಿಗೆ ಬಂದಿದ್ದರು. ನಮ್ಮ ಪಕ್ಕದ ಕೋಣೆಯಲ್ಲಿ ಇಳಿದುಕೊಂಡರು. ಊಟಕ್ಕೆ ನಾನೇ ಬೇಯಿಸಿ ಹಾಕುತ್ತಿದ್ದೆ. ಮುದ್ದೆ ನುಂಗಲು ಬಾರದೆ ಅಗಿಯುತ್ತಿದ್ದರು.

“ಹಲ್ಲಿಗೆ ಯಾಕ್ರಿ ಕೆಲ್ಸ, ಗಂಟಲಿಗೆ ಕೊಡ್ರಿ” ಎಂದರೆ ನಗುತ್ತಿದ್ದರು.

ದಿನಾ ಹುಲ್ಲು ಕಿತ್ತು ತಂದು, ಹಳೇ ಪೇಪರಿನ ನಡುವೆ ಇಟ್ಟು, ಮೇಲೆ ಚಪ್ಪಡಿ ಹೇರುತ್ತಿದ್ದರು. ಅವರು ಹುಡುಕಿ ಬಂದಿದ್ದ ಒಂದು ಹುಲ್ಲು ಮಾತ್ರ ಸಿಗಲಿಲ್ಲ. ಕಾವಲಿನ ಬಹುಪಾಲು ಆಗಲೇ ಸರ್ಕಾರದವರು ಕಟ್ಟಿಸಿದ ದೊಡ್ಡ ಗೋಡೆಯ ಒಳಗೆ ಹೋಗಿತ್ತು. ಕೊನೆಗೆ ಅಂಥದೊಂದು ಕಂಡಿದ್ದು ಎತ್ತಿನ ಗುಡ್ಡೆಯಲ್ಲಿ. ದೇವರಿಗೆ ಬಿಟ್ಟ ಎತ್ತು ಸತ್ತರೆ ನಾವು ಮನುಷ್ಯರ ಹಾಗೆ ಅಲ್ಲಿ ಮಣ್ಣು ಮಾಡುತ್ತೇವೆ. ಸುತ್ತ ಕಲ್ಲು ಇಟ್ಟಿದೆ. ಒಳಗೆ ಯಾರೂ ಕಾಲಿಡುವುದಿಲ್ಲ, ಒಂದು ಕಡ್ಡಿಯನ್ನೂ ಕೀಳುವುದಿಲ್ಲ.

ಆ ಎತ್ತುಗಳನ್ನು ಕಾಯುವ ಕಿಲಾರಿಯನ್ನು ಪಾದ್ರಿ ಕೇಳಿದರು. “ಒಂದೇ ತೆನೆ ಸಾಕು. ಬೀಜ ನೋಡದೆ ಅದೇ ಹುಲ್ಲು ಅಂತ ಹೇಳಲಿಕ್ಕೆ ಆಗುವುದಿಲ್ಲ.”

“ನಿಮ್ಮೋರ ಸಮಾಧಿ ಮ್ಯಾಲಿನ ಹೂವ ನಾವು ಬಂದು ಕಿತ್ರೆ ಬಿಡ್ತೀರೇನ್ರಿ?”

ಪಾದ್ರಿ ಕಲ್ಲಿನ ಸಾಲಿನ ಕಡೆ ಕೈ ತೋರಿಸಿದರು. “ಗಾಳಿಗೆ ಕಲ್ಲಿನ ಆಚೆ ಬಿದ್ದರೆ?”

“ಆಚೆ ಬಿದ್ದಿದ್ದು ನಿಮ್ದು.”

ಅವತ್ತಿನಿಂದ ಕಲ್ಲಿನ ಪಕ್ಕ ಕೊಡೆ ಹಿಡಿದು ಕೂತರು. ತೆನೆ ಇನ್ನೂ ಹಸಿರು. ಮೊದಲೇ ಇದ್ದ ಕೆಮ್ಮು ಜಾಸ್ತಿಯಾಯಿತು.

“ನಿಮ್ ದೇವ್ರಿಗೆ ಹೇಳಿ ಒಂಚೂರು ಗಾಳಿ ಬಿಡ್ಸ್ರಿ” ಎಂದೆ.

“ಇಂಥದ್ದಕ್ಕೆಲ್ಲ ಕೇಳಬಾರದು ಅಮ್ಮ.”

ಒಂದು ದಿನ ಕೂತಲ್ಲಿಂದ ಏಳಲಾಗಲಿಲ್ಲ. ಅವರ ಕಡೆಯವರು ಜೀಪು ತಂದು ಚಿತ್ರದುರ್ಗದ ಆಸ್ಪತ್ರೆಗೆ ಒಯ್ದರು. ಹತ್ತುವಾಗ ನನ್ನ ಕೈ ಹಿಡಿದು, “ಬೀಜ ಬಿದ್ದರೆ ತರ್ತೀರಾ?” ಎಂದರು. ನೋಡ್ತೀನಿ ಎಂದೆ.

ದೀಪಾವಳಿ ಕಳೆದ ಮೇಲೆ ತೆನೆ ಒಣಗಿತು. ಹೋಗಿ ನೋಡಿದೆ. ಕಲ್ಲಿನ ಒಳಗೆ ಬಾಗಿ ನಿಂತಿತ್ತು. ಕೈ ಚಾಚಿದ್ದರೆ ಸಿಗುತ್ತಿತ್ತು. ಚಾಚಲಿಲ್ಲ. ಇವತ್ತಿಗೂ ಚಾಚುವುದಿಲ್ಲ. ಆಚೆ ನೆಲದ ಮೇಲೆ ಬಿದ್ದಿದ್ದನ್ನು ಆರಿಸಿ ಸೆರಗಿಗೆ ಗಂಟು ಹಾಕಿಕೊಂಡು ಚಳ್ಳಕೆರೆಯ ಮೇಲೆ ಬಸ್ಸಿನಲ್ಲಿ ಚಿತ್ರದುರ್ಗಕ್ಕೆ ಹೋದೆ.

ಆಸ್ಪತ್ರೆಯ ಮಂಚದ ಮೇಲೆ ಪಾದ್ರಿ ಬರೀ ಮೂಳೆಯಾಗಿ ಮಲಗಿದ್ದರು. ಬೀಜವನ್ನು ಅವರ ಅಂಗೈಗೆ ಹಾಕಿದೆ. ಭೂತಗನ್ನಡಿ ಎತ್ತಲು ಶಕ್ತಿ ಇರಲಿಲ್ಲ, ಮಣಿಕಟ್ಟು ನಾನು ಹಿಡಿದುಕೊಂಡೆ. ಬಹಳ ಹೊತ್ತು ನೋಡಿದರು.

“ಇದಲ್ಲ ಅಮ್ಮ.”

“ಕಲ್ಲಿನ ಮಗ್ಗುಲಾಗೇ ಬಿದ್ದಿತ್ತು.”

“ಇದು ಎಲ್ಲ ಕಡೆ ಬೆಳೆಯುವ ಹುಲ್ಲು.”

ಅಷ್ಟು ದೂರ ಬಂದ ಮುದುಕಿಗೆ ಹೌದು ಎಂದುಬಿಡಬಹುದಿತ್ತು. ಅನ್ನಲಿಲ್ಲ. ನಾನೂ ಸಮಾಧಾನ ಹೇಳಲಿಲ್ಲ. ಹೇಳಿದ್ದರೂ ಅವರು ಕೇಳುವವರಲ್ಲ. ಒಂದು ಲೋಟ ನೀರು ಕುಡಿಸಿ ಬಸ್ಸು ಹತ್ತಿದೆ.

ಆ ವಾರವೇ ಹೋದರು. ಅವರ ಜನ ಅಲ್ಲೇ ಮಣ್ಣು ಮಾಡಿದರು, ನಾನು ಹೋಗಲಿಲ್ಲ. ಈ ವರ್ಷವೂ ಗುಡ್ಡೆಯಲ್ಲಿ ತೆನೆ ಬಿಟ್ಟಿದೆ. ನಾನು ಒಯ್ದಿದ್ದು ಆ ತೆನೆಯದಲ್ಲದಿದ್ದರೆ, ಕಲ್ಲಿನ ಒಳಗಿನದು ಯಾವ ಹುಲ್ಲು ಎಂದು ಅವರಿಗೆ ಕೊನೆಗೂ ತಿಳಿಯಲಿಲ್ಲ. ಕೇಳುವವರು ಮತ್ತೆ ಯಾರೂ ಬಂದಿಲ್ಲ. ನನಗಂತೂ ಎಲ್ಲ ಹುಲ್ಲೂ ಹುಲ್ಲೇ.