ಪಿಟ್‌ವಾಟರ್‌ನಲ್ಲಿ ಹಿಡಿದ ಹಗ್ಗ

ನಾನು ಆಸ್ಪತ್ರೆಯ ಲ್ಯಾಬ್‌ನಲ್ಲಿ ರಕ್ತ ಪರೀಕ್ಷೆ ಮಾಡೋಳು. ಕಣ್ಣಿಗೆ ಕಂಡಿದ್ದನ್ನಷ್ಟೇ ಬರೆಯೋದು, ಅಂದಾಜು ಬರೆಯಬಾರದು... ವರ್ಷಗಟ್ಟಲೆ ಅದೇ ಅಭ್ಯಾಸ. ಇದನ್ನೂ ಹಾಗೇ ಬರೀತಿದ್ದೀನಿ. ಒಂದು ಮಾತೂ ಸೇರಿಸಿಲ್ಲ. ಓದಿದವರು ನಂಬದಿದ್ರೆ ನನಗೆ ಬೇಜಾರಿಲ್ಲ. ಎಷ್ಟೋ ದಿನ ನಾನೇ ನಂಬಿರಲಿಲ್ಲ.

ಆಗಿನ್ನೂ ಬಟನ್ ಫೋನ್‌ಗಳ ಕಾಲ. ಊರಿಗೆ ಮಾತಾಡಬೇಕಂದ್ರೆ ಅಂಗಡಿಯಿಂದ ಕಾಲಿಂಗ್ ಕಾರ್ಡ್ ತಂದು, ಹಿಂದಿನ ಬೆಳ್ಳಿ ಬಣ್ಣ ಕೆರೆದು ನಂಬರ್ ಒತ್ತಬೇಕು. ನಾನಾಗ ಸಿಡ್ನಿಯ ವೆಸ್ಟ್‌ಮೀಡ್‌ನಲ್ಲಿ, ಸ್ಟೇಷನ್ ಪಕ್ಕದ ಒಂದು ಬೆಡ್‌ರೂಮಿನ ಫ್ಲಾಟ್‌ನಲ್ಲಿದ್ದೆ. ಒಬ್ಬಳೇ. ಡಿವೋರ್ಸ್ ಆಗಿ ಮೂರು ವರ್ಷವಾಗಿತ್ತು.

ಶೈಲಾ ನನ್ನ ಗೆಳತಿ. ದಾವಣಗೆರೆಯವಳು. ಇಬ್ಬರೂ ಮೆಲ್ಬೋರ್ನ್‌ನಲ್ಲಿ ಒಟ್ಟಿಗೆ ಓದಿದ್ವಿ, ಒಂದೇ ರೂಮಿನಲ್ಲಿದ್ವಿ, ಇಲ್ಲೇ ನೆಲೆಸೋಕೆ ಬೇಕಾದ ಪಿಆರ್ ಕೂಡ ಒಂದೇ ತಿಂಗಳಲ್ಲಿ ಸಿಕ್ತು. ಆಮೇಲೆ ಅವಳು ಅಲ್ಲೇ ಡಾಕ್‌ಲ್ಯಾಂಡ್ಸ್‌ನ ಬ್ಯಾಂಕೊಂದರಲ್ಲಿ ಉಳಿದಳು, ನಾನು ಸಿಡ್ನಿಗೆ ಬಂದೆ. ಅವಳ ಆಫೀಸಿನ ಕಿಟಕಿಯಿಂದ ಬರೀ ಯಾಟ್‌ಗಳೇ ಕಾಣೋದು. ಅದನ್ನು ನೋಡಿ ನೋಡಿ ಅವಳಿಗೆ ಹುಚ್ಚು ಹಿಡೀತು.

"ವನಿತಾ, ಗ್ರೀಸ್‌ಗೆ ಹೋಗೋಣ. ಟೂರ್ ಬಸ್ ಅಲ್ಲ. ಬೇರ್‌ಬೋಟ್."

"ಹಂಗಂದ್ರೇನೇ?"

"ಬೋಟ್ ಮಾತ್ರ ಅವರು ಬಾಡಿಗೆಗೆ ಕೊಡ್ತಾರೆ. ನಡೆಸೋರು ಇಲ್ಲ, ಅಡುಗೆಯವರಿಲ್ಲ. ನಾವೇ ಹಾಯಿ ಎತ್ತೋದು, ನಾವೇ ದ್ವೀಪದಿಂದ ದ್ವೀಪಕ್ಕೆ ಹೋಗೋದು. ಎರಡು ವಾರ. ನೀನು, ನಾನು ಅಷ್ಟೇ."

ಮೊದಲು ನಕ್ಕೆ. ಆಮೇಲೆ ಅದೇ ನನಗೆ ಜೀವ ಹಿಡಿದುಕೊಳ್ಳೋಕೆ ಒಂದು ನೆಪವಾಯ್ತು. ಯಾಕಂದ್ರೆ ಅದಕ್ಕೆ ಎಂಟು ತಿಂಗಳ ಹಿಂದೆ ಪಡುಬಿದ್ರಿಯಲ್ಲಿ ಅಮ್ಮ ತೀರಿಕೊಂಡಿದ್ದರು. ಪ್ರತಿ ಭಾನುವಾರ ಅಮ್ಮನ ಜೊತೆ ಅರ್ಧ ಗಂಟೆ ಮಾತಾಡ್ತಿದ್ದೆ. ಈಗ ಭಾನುವಾರ ಬಂದ್ರೆ ಗ್ರೀಸಿನ ಮ್ಯಾಪ್ ಹರಡಿಕೊಂಡು ಕೂರ್ತಿದ್ದೆ. ಲೆಫ್ಕಾಡಾ, ಇಥಾಕಾ, ಕೆಫಲೋನಿಯಾ... ಎಲ್ಲಿ ನೀರು ತುಂಬಿಸೋದು, ಯಾವ ಕೊಲ್ಲಿಯಲ್ಲಿ ರಾತ್ರಿ ನಿಲ್ಲೋದು, ಅಕ್ಕಿ ಬೇಳೆ ಎಷ್ಟು ಬೇಕು, ಎಲ್ಲ ಪೆನ್ಸಿಲ್‌ನಲ್ಲಿ ಬರೆದಿಟ್ಟಿದ್ದೆ.

ಬೋಟ್ ಕೊಡೋ ಕಂಪನಿಯವರು ಇಮೇಲ್‌ನಲ್ಲಿ ಒಂದು ಷರತ್ತು ಹಾಕಿದ್ದರು. ಇಬ್ಬರಿಗೂ ಹಾಯಿ ಬೋಟಿನ ಸರ್ಟಿಫಿಕೇಟ್ ಬೇಕು, ಜೊತೆಗೆ ಬೋಟಿನಲ್ಲೇ ರಾತ್ರಿ ಕಳೆದ ಅನುಭವ ಬೇಕು. ಅವಳು ಮೆಲ್ಬೋರ್ನ್‌ನಲ್ಲಿ, ನಾನು ಸಿಡ್ನಿಯಲ್ಲಿ ಶನಿವಾರದ ಕ್ಲಾಸ್‌ಗೆ ಸೇರಿದ್ವಿ. ಸಮುದ್ರದ ಪಕ್ಕದ ಊರಿನವಳಾದ್ರೂ ನಮ್ಮ ಮನೆಯಲ್ಲಿ ನೀರಿಗಿಳಿದವರು ಯಾರೂ ಇಲ್ಲ. ಅಪ್ಪ ಪೋಸ್ಟ್ ಆಫೀಸಿನಲ್ಲಿದ್ದವರು. ನನಗೆ ಗಂಟು ಹಾಕೋದು ಕಲಿಯೋಕೇ ಒಂದು ತಿಂಗಳು ಬೇಕಾಯ್ತು.

ರಾತ್ರಿ ಕಳೆಯೋ ಅಭ್ಯಾಸಕ್ಕೆ ಸಿಡ್ನಿಯ ಉತ್ತರಕ್ಕಿರುವ ಪಿಟ್‌ವಾಟರ್ ಅಂತ ಗೊತ್ತು ಮಾಡಿದ್ವಿ. ಮೂರು ಕಡೆ ಕಾಡಿನ ಗುಡ್ಡ, ಮಧ್ಯೆ ನೀರು. ಅಲ್ಲಿ ಗ್ರೇಮ್ ಅಂತ ಒಬ್ಬ ವಯಸ್ಸಾದವನು ಸಣ್ಣ ಬೋಟುಗಳನ್ನು ಬಾಡಿಗೆಗೆ ಕೊಡ್ತಿದ್ದ. ಶುಕ್ರವಾರ ಮಧ್ಯಾಹ್ನ ನಾನು ಹೋಗಿ ಬೋಟ್ ತಗೊಳ್ಳೋದು, ಸಂಜೆಯ ಫ್ಲೈಟ್‌ನಲ್ಲಿ ಶೈಲಾ ಬಂದು ಸೇರೋದು ಅಂತ ಪ್ಲ್ಯಾನ್.

ಗ್ರೇಮ್ ನನ್ನ ಜೊತೆ ಬಂದು, ಮರಗಳು ನೀರಿನವರೆಗೆ ಬಗ್ಗಿರೋ ಒಂದು ಕೊಲ್ಲಿಯಲ್ಲಿ ಬೋಟನ್ನು ತೇಲುವ ಬಿಳಿ ಗುಂಡಿಗೆ ಕಟ್ಟಿಸಿದ. ಆ ಗುಂಡನ್ನು ನೀರಿನ ತಳದಲ್ಲಿರೋ ಕಾಂಕ್ರೀಟ್ ತೂಕಕ್ಕೆ ಸರಪಳಿಯಲ್ಲಿ ಕಟ್ಟಿರುತ್ತಾರೆ. ಗಂಟು ನಾನೇ ಹಾಕಿದೆ. ಅವನು ಎಳೆದು ನೋಡಿ ತಲೆಯಾಡಿಸಿದ.

"ನಿನ್ನ ಫ್ರೆಂಡ್ ಬಂದ ಮೇಲೆ ಫೋನ್ ಮಾಡು. ಲಾಂಚ್‌ನಲ್ಲಿ ಕರ್ಕೊಂಡು ಬರ್ತೀನಿ," ಅಂತ ಹೇಳಿ ಹೋದ.

ಆರೂವರೆಗೆ ಶೈಲಾಳ ಫೋನ್ ಬಂತು. ಏರ್‌ಪೋರ್ಟಿನ ಗದ್ದಲ ಇರಲಿಲ್ಲ. ಮನೆಯ ನಿಶ್ಶಬ್ದ ಇತ್ತು.

"ವನೀ, ನಾನು ಬರ್ತಿಲ್ಲ ಕಣೇ."

"ಫ್ಲೈಟ್ ಮಿಸ್ ಆಯ್ತಾ?"

"ಇಲ್ಲ... ಹೇಗೆ ಹೇಳಲಿ. ಆಂಡ್ರ್ಯೂ ಅಂತ ಆಫೀಸಿನಲ್ಲಿ ಒಬ್ಬ ಇದ್ದಾನೆ. ಎರಡು ತಿಂಗಳಾಯ್ತು. ಅವನಿಗೆ ಚೆನ್ನಾಗಿ ಸೇಲಿಂಗ್ ಬರುತ್ತೆ. ಗ್ರೀಸ್‌ಗೆ ನಾನು, ಅವನು... ನೀನೂ ಬಾ. ಮೂರು ಜನ ಹೋಗಬಹುದು. ಬೋಟ್ ದೊಡ್ಡದಿದೆ."

ನಾನು "ಹೂಂ" ಅಂದೆ. ಆಮೇಲೂ ಏನೋ ಹೇಳ್ತಿದ್ದಳು. ಸಿಗ್ನಲ್ ಹೋಯ್ತೋ, ನಾನೇ ಕಟ್ ಮಾಡಿದೆನೋ, ನೆನಪಿಲ್ಲ.

ಗ್ರೇಮ್‌ಗೆ ಹೇಳಿ ವಾಪಸ್ ಹೋಗಬಹುದಿತ್ತು. ಆದ್ರೆ ಎಲ್ಲಿಗೆ? ಆ ಫ್ಲಾಟ್‌ಗೆ, ಆ ಮ್ಯಾಪುಗಳ ಮುಂದೆ? ಬೇಡ ಅನ್ನಿಸ್ತು. ಡಬ್ಬಿಯಲ್ಲಿ ತಂದಿದ್ದ ಉಪ್ಪಿಟ್ಟು ತಿಂದು, ಬೋಟಿನ ಕೆಳಗಿನ ಕ್ಯಾಬಿನ್‌ನಲ್ಲಿ ಸ್ಲೀಪಿಂಗ್ ಬ್ಯಾಗ್ ಒಳಗೆ ಮಲಗಿದೆ.

ಹತ್ತರ ಹೊತ್ತಿಗೆ ಗಾಳಿ ತಿರುಗಿತು. ಸಿಡ್ನಿಯವರು ಸದರ್ಲಿ ಅಂತಾರಲ್ಲ, ದಕ್ಷಿಣದಿಂದ ಥಟ್ ಅಂತ ಬರೋ ತಣ್ಣನೆ ಗಾಳಿ. ಹಾಯಿ ಕಂಬಕ್ಕೆ ಹಗ್ಗ ಬಡೀತಿತ್ತು... ಟಕ್, ಟಕ್, ಟಕ್. ಬೋಟ್ ಒಂದು ಸಲ ಜೋರಾಗಿ ವಾಲಿತು, ಆಮೇಲೆ ನಿಧಾನಕ್ಕೆ ತಿರುಗಿದ ಹಾಗಾಯ್ತು. ಗಾಳಿಗೆ ತಿರುಗುತ್ತೆ, ಸಹಜ ಅಂದುಕೊಂಡೆ.

ಎಷ್ಟು ಹೊತ್ತು ಕಳೀತೋ. ಗಾಳಿ ಇದ್ದಕ್ಕಿದ್ದ ಹಾಗೆ ನಿಂತಂತಾಯ್ತು. ಬೋಟಿನ ಮೈಗೆ ಯಾರೋ ಬೆರಳ ಗೆಣ್ಣಿನಿಂದ ಬಡಿದರು. ಬಾಗಿಲು ತಟ್ಟೋ ಹಾಗೆ, ಮೆಲ್ಲಗೆ.

"ಅಕ್ಕಾ... ಮಲಗಿದ್ದೀರಾ?"

"ಇಲ್ಲ. ಯಾರು?"

"ಒಂಚೂರು ಈ ಹಗ್ಗ ಹಿಡ್ಕೊಳ್ತೀರಾ?"

ಗಂಡಸಿನ ದನಿ. ವಯಸ್ಸಾದವನಲ್ಲ, ಹುಡುಗನೂ ಅಲ್ಲ. ತುಂಬಾ ದಣಿದಿದ್ದ ಹಾಗಿತ್ತು. ನಾನು ಎದ್ದು ಮೇಲೆ ಹೋದೆ. ಚಂದ್ರ ಇರಲಿಲ್ಲ. ಟಾರ್ಚ್ ಕೆಳಗೇ ಬಿಟ್ಟು ಬಂದಿದ್ದೆ. ಬೋಟಿನ ಹಿಂಭಾಗದ ನೀರಿನ ಮೇಲೆ, ಕತ್ತಲಿಗಿಂತ ಸ್ವಲ್ಪ ಹೆಚ್ಚು ಕಪ್ಪಗೆ ಏನೋ ಇತ್ತು. ಸಣ್ಣ ದೋಣಿ ಇರಬೇಕು ಅಂದುಕೊಂಡೆ.

ಅಲ್ಲಿಂದ ಹಗ್ಗ ಬಂದು ನನ್ನ ತೋಳಿನ ಮೇಲೆ ಬಿತ್ತು. ಒದ್ದೆ, ಒರಟು. ನಮ್ಮೂರ ಕಡೆ ಕೊಳೆ ಹಾಕಿದ ತೆಂಗಿನ ಸಿಪ್ಪೆಯ ವಾಸನೆ... ಆ ವಾಸನೆ ಮೂಗಿಗೆ ಬಡಿದಾಗಲೂ ನನಗೆ ವಿಚಿತ್ರ ಅನ್ನಿಸಲಿಲ್ಲ. ಅದನ್ನು ನೆನೆದರೆ ಈಗ ಮೈ ಜುಂ ಅನ್ನುತ್ತೆ. ಹಗ್ಗವನ್ನು ಹಿಂದಿನ ಕಬ್ಬಿಣದ ಗೂಟಕ್ಕೆ ಸುತ್ತಿ ಬಿಗಿದೆ.

"ಒಬ್ಬರೇ ಇದ್ದೀರಾ?" ಅಂತ ಕೇಳಿದ.

"ಹೂಂ. ಗೆಳತಿ ಬರಬೇಕಿತ್ತು. ಬರಲಿಲ್ಲ."

"ಊಟ ಆಯ್ತಾ?"

"ಉಪ್ಪಿಟ್ಟು ತಿಂದೆ."

"ಅಷ್ಟೇನಾ?"

ಆ "ಅಷ್ಟೇನಾ" ಅನ್ನೋದನ್ನು ಎಷ್ಟು ಅಕ್ಕರೆಯಿಂದ ಕೇಳಿದ ಅಂದ್ರೆ, ನಾನು ಅಲ್ಲೇ ಕೂತುಬಿಟ್ಟೆ. ಮಾತಾಡಿದೆ. ಶೈಲಾ ವಿಷಯ, ಗ್ರೀಸಿನ ವಿಷಯ. ಅಮ್ಮ ಹೋದಾಗ ನನಗೆ ಟಿಕೆಟ್ ಸಿಗದೆ, ಮುಖ ನೋಡೋಕೆ ಆಗಲಿಲ್ಲ ಅನ್ನೋದು. ಅದನ್ನು ನಾನು ಯಾರಿಗೂ ಹೇಳಿರಲಿಲ್ಲ. ಅವನು ನಡುನಡುವೆ "ಹೌದಾ" ಅಂತಿದ್ದ, ಅಷ್ಟೇ.

ಕೊನೆಗೆ ಹೇಳಿದ, "ನಾನೊಂದು ಸಲ ಹೋಗಿ ಬರ್ತೀನಿ. ನಾನು ಬರೋ ತನಕ ಹಗ್ಗ ಬಿಡಬೇಡಿ."

"ಆಯ್ತು. ಬಿಡಲ್ಲ."

ಹುಟ್ಟು ಹಾಕೋ ಶಬ್ದಕ್ಕೆ ಕಾದೆ. ನೀರು ಒಂದಿಷ್ಟೂ ಕಲಕಲಿಲ್ಲ. ಆ ಕಪ್ಪು ಅಲ್ಲಿರಲಿಲ್ಲ, ಅಷ್ಟೇ.

ಕೆಳಗೆ ಬಂದು ಮಲಗಿದೆ. ಎದೆ ಹಗುರವಾಗಿತ್ತು. ಎಷ್ಟೋ ತಿಂಗಳ ಮೇಲೆ ಕಣ್ಣು ತಾನಾಗೇ ಮುಚ್ಚಿಕೊಳ್ತಿತ್ತು. ಆ ಅರೆನಿದ್ದೆಯಲ್ಲಿ ಅವನ ಕೊನೆಯ ಮಾತು ಮತ್ತೆ ಕಿವಿಯೊಳಗೆ ಬಂತು.

"ಯಾನ್ ಬರ್ಪಿನ ಮುಟ್ಟ ಬುಡೊಡ್ಚಿ."

ತುಳು.

ಎಲ್ಲವೂ ತುಳು. ಅವನು ಕೇಳಿದ್ದು, ನಾನು ಹೇಳಿದ್ದು, ಮೊದಲಿನಿಂದ ಕೊನೆವರೆಗೆ. ಶೈಲಾಗೆ ತುಳು ಬರಲ್ಲ. ಲ್ಯಾಬ್‌ನಲ್ಲಿ ಇಂಗ್ಲಿಷ್, ಅಂಗಡಿಯಲ್ಲಿ ಹಿಂದಿ. ಅಮ್ಮ ಹೋದ ಮೇಲೆ ನನ್ನ ಬಾಯಿಂದ ಒಂದು ತುಳು ಪದ ಹೊರಗೆ ಬಂದಿರಲಿಲ್ಲ. ಇಲ್ಲಿ, ಆಸ್ಟ್ರೇಲಿಯಾದ ಒಂದು ಕೊಲ್ಲಿಯಲ್ಲಿ, ರಾತ್ರಿ, ನೀರಿನ ಮೇಲಿಂದ...

ಆಗ ಹೆದರಿದೆ. ಕ್ಯಾಬಿನ್ನಿನ ಹಲಗೆ ಎಳೆದು ಮುಚ್ಚಿ, ಚಿಲಕ ಹಾಕಿ, ಮೂಲೆಯಲ್ಲಿ ಮುದುಡಿ ಕೂತೆ. ಫೋನಿನಲ್ಲಿ ಸಿಗ್ನಲ್ ಇಲ್ಲ. ಗಾಳಿ ಮತ್ತೆ ಎದ್ದಿತ್ತು. ಹಿಂಭಾಗದಲ್ಲಿ ಆ ಹಗ್ಗ ಬಿಗಿಯಾಗಿ ಕಿರ್... ಅಂತ ನರಳೋದು ಕೇಳಿಸ್ತಿತ್ತು. ಆ ತುದಿಯಲ್ಲಿ ಯಾರೋ ಕಾಲೂರಿ ನಿಂತು ಎಳೆದು ಹಿಡಿದ ಹಾಗೆ. ಹೋಗಿ ಬಿಚ್ಚಿಬಿಡಲಾ ಅಂತ ಎರಡು ಸಲ ಎದ್ದೆ. ಚಿಲಕಕ್ಕೆ ಕೈ ಹಾಕಿ ಮತ್ತೆ ಕೂತೆ.

ಬೆಳಗಾಗೋ ತನಕ ಅದು ಹಾಗೇ ನರಳಿತು.

ಕೂಕಬರಾ ಹಕ್ಕಿಗಳು ಕೂಗೋಕೆ ಶುರು ಮಾಡಿದ ಮೇಲೆ ಹಲಗೆ ಸರಿಸಿ ಮೇಲೆ ಬಂದೆ. ಮೊದಲು ಏನೂ ಅರ್ಥವಾಗಲಿಲ್ಲ. ನಾನು ಕಟ್ಟಿದ ಬಿಳಿ ಗುಂಡು ಕೊಲ್ಲಿಯ ಆ ಕಡೆ, ದೂರದಲ್ಲಿ ಚುಕ್ಕಿಯ ಹಾಗೆ ತೇಲ್ತಿತ್ತು. ನನ್ನ ಬೋಟಿನ ಮುಂದಿನ ಹಗ್ಗ ನೀರಿನಲ್ಲಿ ಸುಮ್ಮನೆ ಜೋತಾಡ್ತಿತ್ತು. ನನ್ನ ಗಂಟು ಬಿಚ್ಚಿಹೋಗಿತ್ತು.

ಮುಂದೆ, ಒಂದು ಬಸ್ಸಿನ ಉದ್ದದಷ್ಟು ದೂರದಲ್ಲಿ, ಸಿಂಪಿ ಚಿಪ್ಪು ಮೆತ್ತಿಕೊಂಡ ಚೂಪು ಬಂಡೆಗಳು.

ಬೋಟನ್ನು ಹಿಡಿದಿದ್ದು ಹಿಂದಿನ ಆ ಹಗ್ಗ ಒಂದೇ. ಕಬ್ಬಿಣದ ಗೂಟದಿಂದ ಅದು ನೆಟ್ಟಗೆ ಬಿಗಿಯಾಗಿ ನೀರಿನೊಳಗೆ ಇಳಿದಿತ್ತು.

ನನ್ನ ಫೋನ್ ಬರಲಿಲ್ಲ ಅಂತ ಎಂಟಕ್ಕೆ ಗ್ರೇಮ್ ಲಾಂಚ್‌ನಲ್ಲಿ ಬಂದ. ದೂರದಿಂದಲೇ ಎಂಜಿನ್ ನಿಲ್ಲಿಸಿ, ಬಂಡೆ ನೋಡಿದ, ಗುಂಡು ನೋಡಿದ, ನನ್ನನ್ನು ನೋಡಿದ.

"ಇದನ್ನ ಯಾರು ಕಟ್ಟಿದ್ದು?"

"ನಾನೇ. ಯಾರೋ ಬಂದು ಹಗ್ಗ ಕೊಟ್ಟರು."

ಅವನು ಬೋಟಿಗೆ ಹತ್ತಿ ಹಗ್ಗ ಎಳೆದ. ಭಾರ ಇರುತ್ತೆ ಅಂತ ಕಾಲೂರಿ ಎಳೆದವನು ಹಿಂದಕ್ಕೆ ಮುಗ್ಗರಿಸಿದ. ಅದು ನೂಲಿನ ಹಾಗೆ ಸಲೀಸಾಗಿ ಮೇಲೆ ಬಂತು. ತುದಿಯಲ್ಲಿ ಲಂಗರಿಲ್ಲ, ಕಲ್ಲಿಲ್ಲ. ಹರಿದ ಗುರುತೂ ಇಲ್ಲ.

"ಕೆಳಗೆ ಬರೀ ಕೆಸರು," ಅಂದ ಗ್ರೇಮ್. "ಇದು ಸಿಕ್ಕಿಕೊಳ್ಳೋಕೆ ಏನೂ ಇಲ್ಲ." ಹಗ್ಗವನ್ನು ಬೆರಳಲ್ಲಿ ಉಜ್ಜಿ ನೋಡಿದ. "ತೆಂಗಿನ ನಾರು. ಇಂಥದ್ದನ್ನ ಇಲ್ಲಿ ಯಾರೂ ಬಳಸಲ್ಲ." ಜೆಟ್ಟಿಗೆ ಬಂದ ಮೇಲೆ ಅದನ್ನು ಸುತ್ತಿ ಹಳೇ ಸಾಮಾನಿನ ರಾಶಿಗೆ ಎಸೆದ. ನಾನು ನೋಡ್ತಾ ನಿಂತಿದ್ದೆ, ಬೇಡ ಅನ್ನಲಿಲ್ಲ.

ಶೈಲಾಗೆ ಫೋನ್‌ನಲ್ಲಿ ಎಲ್ಲ ಹೇಳಿದೆ. ಕೇಳಿಸ್ಕೊಂಡು, "ನನ್ನ ಮೇಲಿನ ಕೋಪಕ್ಕೆ ಹೀಗೆಲ್ಲ ಹೇಳ್ತಿದ್ದೀಯ ಅಲ್ವಾ?" ಅಂದಳು. ನಾನು ಮತ್ತೆ ಆ ವಿಷಯ ಎತ್ತಲಿಲ್ಲ. ಗ್ರೀಸ್‌ಗೆ ಬರಲ್ಲ ಅಂತ ಹೇಳಿ, ನನ್ನ ಪಟ್ಟಿ, ಮ್ಯಾಪು ಎಲ್ಲ ಅವಳಿಗೇ ಪೋಸ್ಟ್ ಮಾಡಿದೆ. ಅವರಿಬ್ಬರೂ ಹೋಗಿ ಬಂದರು. ಫೋಟೋಗಳಲ್ಲಿ ಚೆನ್ನಾಗಿ ಕಾಣ್ತಿದ್ದರು.

ಅವರು ಗ್ರೀಸಿನಲ್ಲಿದ್ದಾಗಲೇ ಒಂದು ಸಂಜೆ ಗ್ರೇಮ್ ಫೋನ್ ಮಾಡಿದ.

"ನಿಮ್ಮವರು ಯಾರಾದ್ರೂ ನಿನ್ನ ಹುಡುಕ್ತಿದ್ದಾರಾ?"

"ಇಲ್ಲ. ಯಾಕೆ?"

"ನಿನ್ನೆ ಕತ್ತಲಾದ ಮೇಲೆ ಬೋಟ್ ತೊಳೀತಿದ್ದೆ. ಜೆಟ್ಟಿಯ ತುದಿಯಲ್ಲಿ, ಕೆಳಗೆ ನೀರಿನ ಹತ್ತಿರ ಒಬ್ಬ ನಿಂತಿದ್ದ. ಮುಖ ಕಾಣಲಿಲ್ಲ. ಒಬ್ಬಳೇ ಇದ್ದಳಲ್ಲ, ಆ ಹೆಂಗಸು ಎಲ್ಲಿ ಅಂತ ಕೇಳಿದ."

"ಯಾವ ಭಾಷೆಯಲ್ಲಿ ಕೇಳಿದ?"

"ಇಂಗ್ಲಿಷೇ ಇರಬೇಕು. ನನಗೆ ಅರ್ಥ ಆಯ್ತಲ್ಲ. ಹಳೇ ಕಾಲದ ಮಾತು. ನನ್ನ ಅಜ್ಜ ಇಂಗ್ಲೆಂಡಿನ ಕಾರ್ನ್‌ವಾಲ್‌ನವನು, ಅವನು ಮಾತಾಡ್ತಿದ್ದ ಹಾಗೇ ಇತ್ತು. ಎಷ್ಟೋ ವರ್ಷ ಆಗಿತ್ತು ಆ ಥರ ಕೇಳಿ... ನಾನೂ ಏನೇನೋ ಹೇಳ್ಕೊಂಡುಬಿಟ್ಟೆ." ಆಮೇಲೆ ಕೇಳಿದ, "ಇವತ್ತೂ ಬರ್ತೀನಿ ಅಂದಿದ್ದಾನೆ. ನೀನೆಲ್ಲಿರೋದು ಅಂತ ಹೇಳಲಾ?"

ಕಿಟಕಿಯಾಚೆ ವೆಸ್ಟ್‌ಮೀಡ್ ಸ್ಟೇಷನ್ನಿಗೆ ಟ್ರೇನ್ ಬಂತು, ಜನ ಇಳಿದರು, ಟ್ರೇನ್ ಹೋಯ್ತು. ಗ್ರೇಮ್ ಕಾಯ್ತಾನೇ ಇದ್ದ. ಹೇಳು ಅನ್ನೋ ಮಾತು ನನ್ನ ನಾಲಿಗೆಯ ತುದಿಯವರೆಗೆ ಬಂದಿತ್ತು. ಇದನ್ನೂ ನಿಜ ನಿಜ ಬರೀತಿದ್ದೀನಿ.

"ಬೇಡ," ಅಂದೆ.

ಆಮೇಲೆ ಗ್ರೇಮ್ ಫೋನ್ ಮಾಡಲಿಲ್ಲ. ನಾನೂ ಮಾಡಲಿಲ್ಲ. ಆ ರಾತ್ರಿ ನನ್ನನ್ನು ಬಂಡೆಯಿಂದ ಉಳಿಸಿದವನಿಗೆ ಬೇಡ ಅಂದೆನೋ, ಬೇರೆ ಯಾವುದಕ್ಕೋ ಬೇಡ ಅಂದೆನೋ, ಇವತ್ತಿಗೂ ಗೊತ್ತಿಲ್ಲ. ಭಾನುವಾರ ಸಂಜೆ ಫ್ಲಾಟ್‌ನಲ್ಲಿ ಒಬ್ಬಳೇ ಇರುವಾಗ ಕೆಲವು ಸಲ ಬಾಗಿಲು ತಟ್ಟಿದ ಹಾಗಾಗುತ್ತೆ. ಪಕ್ಕದ ಮನೆಯದೇ ಇರುತ್ತೆ. ಆದ್ರೂ ಎದ್ದು ಹೋಗೋದಕ್ಕೆ ಮುಂಚೆ, ಯಾವ ಭಾಷೆಯಲ್ಲಿ "ಯಾರು" ಅಂತ ಕೇಳಬೇಕು ಅಂತ ಯೋಚಿಸ್ತಾ ನಿಲ್ಲುತ್ತೀನಿ.