ಮೂರನೇ ಸಾಲಿನ ಪ್ರೇಮಾನಂದ

ಆಲ್ದೂರಿನಲ್ಲಿ ಬಸ್ಸಿಳಿದು ಕಾಫಿ ತೋಟಗಳ ನಡುವೆ ಆರು ಕಿಲೋಮೀಟರ್ ಒಳಗೆ ಹೋದರೆ ಕುಂಬ್ರಿಗುಡ್ಡ. ಅಲ್ಲಿಯ ಲೂಥರನ್ ಸಭೆಗೆ ಸೇರಿದ ಮನೆಗಳು ನಲವತ್ತೆರಡು. ಇಪ್ಪತ್ತೊಂಬತ್ತು ವರ್ಷಗಳಿಂದ ಆ ಸಭೆಯ ಪಾಸ್ಟರ್ ಆಗಿದ್ದವರು ರೆವರೆಂಡ್ ಪ್ರೇಮಾನಂದ ಎಲಿಯೇಜರ್. ಊರಿನವರ ಬಾಯಲ್ಲಿ ಬರೀ ಅಯ್ನೋರು. ಅವರ ಭಾನುವಾರದ ಪ್ರಸಂಗ ಹನ್ನೆರಡು ನಿಮಿಷ ದಾಟುತ್ತಿರಲಿಲ್ಲ. ಚರಿತ್ರೆಯ ಮಾತು ತೆಗೆದರೆ ಮಾತ್ರ ಎದುರಿಗಿದ್ದವರ ಕಾಫಿ ಆರಿ ಕೆನೆ ಕಟ್ಟುತ್ತಿತ್ತು.

ಹನ್ನೆರಡು ವರ್ಷಗಳಿಂದ ಅವರು ಸಭೆಯ ಚರಿತ್ರೆ ಬರೆಯುತ್ತಿದ್ದರು. ಅದಕ್ಕೊಂದೇ ನಿಯಮ: ರಿಜಿಸ್ಟರಿನಲ್ಲಿ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಸಭೆಯ ಹಿರಿಯರೊಬ್ಬರ ಅಜ್ಜ ಚರ್ಚಿನ ಬಾಗಿಲಿಗೆ ಬಂದ ಹುಲಿಯನ್ನು ಗೀತೆ ಪುಸ್ತಕ ಬೀಸಿ ಓಡಿಸಿದ್ದರಂತೆ. ಮೂರು ತಲೆಮಾರು ಹೇಳಿಕೊಂಡು ಬಂದ ಆ ಹುಲಿಗೆ ಯಾವ ರಿಜಿಸ್ಟರಿನಲ್ಲೂ ಆಧಾರ ಸಿಗಲಿಲ್ಲ, ಅಯ್ನೋರು ತೆಗೆದುಹಾಕಿದರು. ಆ ಮನೆಯವರು ಎರಡು ವರ್ಷ, ಎದುರು ಸಿಕ್ಕರೂ, ಅವರಿಗೆ ಸ್ತೋತ್ರ ಹೇಳಲಿಲ್ಲ.

ಪುಸ್ತಕ ಅಚ್ಚಿಗೆ ಹೋಗುವ ಹೊತ್ತಿಗೆ ಒಂದೇ ಕೊರತೆ ಉಳಿದಿತ್ತು. ಅರವತ್ತರ ದಶಕದ ಸಮಾಧಿ ರಿಜಿಸ್ಟರ್ ಕಾಣೆಯಾಗಿತ್ತು. ಕಳೆದ ವರ್ಷ ಫೆಬ್ರವರಿಯಲ್ಲಿ ಪಕ್ಕದ ಎಸ್ಟೇಟಿನ ವೀರೇಂದ್ರ ಹಳೇ ಗೋಡೌನ್ ಕೆಡವಿಸುವಾಗ ಪಾರ್ಚ್‌ಮೆಂಟ್ ಕಾಫಿಯ ಚೀಲಗಳ ಹಿಂದೆ ಒಂದು ತಗಡಿನ ಪೆಟ್ಟಿಗೆ ಸಿಕ್ಕಿತು. ಅವರೇ ಜೀಪಿನಲ್ಲಿ ತಂದುಕೊಟ್ಟರು. "ನಿಮ್ಮದೇ ಇರಬೇಕು ಅಯ್ನೋರೇ. ಒಳಗೆಲ್ಲ ಸತ್ತವರೇ ಇದ್ದಾರೆ."

ಅಯ್ನೋರು ಕೈ ತೊಳೆದು ಬಂದು ಪುಟ ತಿರುಗಿಸಿದರು. ಒಂಬತ್ತನೇ ಪುಟದಲ್ಲಿ ಕನ್ನಡಕ ತೆಗೆದು ಒರೆಸಿಕೊಂಡರು.

'14 ಜುಲೈ 1963. ಪ್ರೇಮಾನಂದ, ತಂದೆ ರೈಟರ್ ಎಲಿಯೇಜರ್. ವಯಸ್ಸು ಹನ್ನೊಂದು ತಿಂಗಳು. ಜ್ವರ. ಮೂರನೇ ಸಾಲು, ಎರಡನೆಯದು.' ಕೆಳಗೆ ಆಗ ಸಭೆ ನೋಡಿಕೊಳ್ಳುತ್ತಿದ್ದ ಉಪದೇಶಿಯ ರುಜು. ಅದರ ಕೆಳಗೆ ತೋಟದ ಲೆಕ್ಕ ಬರೆಯುವ ರೈಟರ್ ಆಗಿದ್ದ ಅಪ್ಪನ ರುಜು. ಎಲಿಯೇಜರ್ ಎಂಬುದರ ಕೊನೆಯ ಅಕ್ಷರಕ್ಕೆ ಅಪ್ಪ ಎಳೆಯುತ್ತಿದ್ದ ಬಾಲ ಕೂಡ ಇತ್ತು. ಅಯ್ನೋರು ಹುಟ್ಟಿದ್ದು 1962ರ ಆಗಸ್ಟಿನಲ್ಲಿ. ಅಪ್ಪನಿಗೆ ಬೇರೆ ಗಂಡುಮಕ್ಕಳಿರಲಿಲ್ಲ.

ಹೆಂಡತಿ ಸುಗುಣಮ್ಮ ಬಾಗಿಲಿಗೆ ಬಂದು ಊಟಕ್ಕೆ ಕರೆದರು.

"ಸುಗುಣ, ನಾನು ತೀರಿಕೊಂಡಿದ್ದೇನೆ," ಎಂದರು ಅಯ್ನೋರು.

ಸುಗುಣಮ್ಮ ರಿಜಿಸ್ಟರ್ ಇಸಕೊಂಡು ಓದಿದರು. "ಅರವತ್ತಮೂರರಲ್ಲಿ ಅಂತಿದೆಯಲ್ಲ. ಇಷ್ಟು ವರ್ಷ ತಡೆದಿದೆ, ಇನ್ನರ್ಧ ಗಂಟೆ ತಡೆಯುತ್ತೆ. ಸಾರು ಆರ್ತಾ ಇದೆ, ಬನ್ನಿ."

ಪುಸ್ತಕದ ಕರಡು ತಿದ್ದುತ್ತಿದ್ದವರು ಜಾವಳಿಯ ನಿವೃತ್ತ ಕನ್ನಡ ಮೇಷ್ಟ್ರು ಕೃಷ್ಣಯ್ಯ. ಮರುದಿನ ಅವರು ಎಲ್ಲ ಕೇಳಿಸಿಕೊಂಡು, "ಏನೋ ಬರೆಯುವಾಗ ತಪ್ಪಿದೆ. ಆ ಸಾಲು ಬಿಟ್ಟುಬಿಡಿ, ಯಾರು ಕೇಳ್ತಾರೆ?" ಎಂದರು.

"ಅವರ ಹುಲಿ ತೆಗೆದೆ ಮೇಷ್ಟ್ರೇ. ಈಗ ನನ್ನನ್ನು ಉಳಿಸಿಕೊಂಡರೆ ಹೇಗೆ?"

ಕೃಷ್ಣಯ್ಯನವರು ಕರಡು ಎಳೆದುಕೊಂಡು ಪೆನ್ನು ತೆಗೆದರು. ಇನ್ನೂರ ಹನ್ನೊಂದನೇ ಪುಟದಲ್ಲಿ ಹೀಗೆ ಅಚ್ಚಾಯಿತು: '1963ರಲ್ಲಿ ಸಭೆಯಲ್ಲಿ ನಾಲ್ಕು ಮರಣಗಳು. ಅವುಗಳಲ್ಲಿ ಒಂದು ಈ ಗ್ರಂಥಕರ್ತರದು.'

ಮೇ ತಿಂಗಳಲ್ಲಿ ಪುಸ್ತಕ ಬಿಡುಗಡೆಯಾಯಿತು. ಎಲ್ಲರೂ ಒಂದೊಂದು ಪ್ರತಿ ಒಯ್ದರು, ತಮ್ಮ ಮನೆಯವರ ಹೆಸರು ಹುಡುಕಿ ನೋಡಿ ಕಪಾಟಿನ ಮೇಲೆ ಇಟ್ಟರು. ಮೊದಲಿಂದ ಕೊನೆತನಕ ಓದಿದ್ದು ಒಬ್ಬರೇ, ಸಭೆಗಳ ಮುಖ್ಯ ಕಚೇರಿಯ ಕಾರ್ಯದರ್ಶಿ. ಜೂನ್ ಎರಡನೇ ವಾರ ಅವರ ರಿಜಿಸ್ಟರ್ಡ್ ಪತ್ರ ಬಂತು. ತಾವು ಪ್ರಕಟಿಸಿದ ಗ್ರಂಥದ ಪ್ರಕಾರ ತಾವು 1963ರಲ್ಲೇ ನಿಧನರಾಗಿರುತ್ತೀರಿ. ಹಾಗಿರುವಲ್ಲಿ ತಾವು ಈವರೆಗೆ ಕೊಟ್ಟ ದೀಕ್ಷಾಸ್ನಾನ, ನಡೆಸಿದ ಮದುವೆಗಳು ಊರ್ಜಿತವೇ ಎಂಬ ಬಗ್ಗೆ ಸ್ಪಷ್ಟೀಕರಣ ಕೊಡುವುದು. ಅಲ್ಲಿಯತನಕ ಯಾವ ಸಂಸ್ಕಾರವನ್ನೂ ನಡೆಸತಕ್ಕದ್ದಲ್ಲ. ಪತ್ರ ತಲುಪಿದ್ದಕ್ಕೆ ಖುದ್ದಾಗಿ ರುಜು ಮಾಡಿ ಕಳಿಸುವುದು.

ಅಯ್ನೋರು ರುಜು ಮಾಡಿದರು. ಆಮೇಲೆ ಕೂತು ನಾಲ್ಕು ಪುಟದ ಉತ್ತರ ಬರೆದರು. ಸಂಸ್ಕಾರದ ಬಲ ಇರುವುದು ಕರ್ತನ ವಾಕ್ಯದಲ್ಲಿ, ಪಾಸ್ಟರನಲ್ಲಿ ಅಲ್ಲ. ಪಾಸ್ಟರ್ ಎಂಥ ಕೆಟ್ಟವನಾದರೂ ಅವನು ಕೊಟ್ಟ ದೀಕ್ಷಾಸ್ನಾನ ಕೆಡುವುದಿಲ್ಲ ಎಂದು ನಮ್ಮ ಪೂರ್ವಿಕರು ಐನೂರು ವರ್ಷಗಳ ಹಿಂದೆಯೇ ತೀರ್ಮಾನಿಸಿದ್ದಾರೆ. ಕಚೇರಿಯ ಮರು ಉತ್ತರ ಒಂದೇ ಸಾಲು: 'ಸದರಿ ತೀರ್ಮಾನ ಕೆಟ್ಟವರಿಗೆ ಸಂಬಂಧಿಸಿದ್ದು, ಸತ್ತವರಿಗಲ್ಲ.'

ಅಯ್ನೋರು ಅದನ್ನು ಮೂರು ಸಲ ಓದಿದರು. ಸಿಟ್ಟಿಗಿಂತ ಹೆಚ್ಚಾಗಿ ಅವರಿಗೆ ಆ ಕಾರ್ಯದರ್ಶಿಯ ಮೇಲೆ ಗೌರವ ಬಂತು. ತಾವು ಆ ಕುರ್ಚಿಯಲ್ಲಿ ಕೂತಿದ್ದರೂ ಇದನ್ನೇ ಬರೆಯುತ್ತಿದ್ದರು.

ಅಂಚೆಯವನಿಂದ ಸುದ್ದಿ ತೋಟದ ಕೆಲಸಗಾರರ ಲೈನ್ ಮನೆಗಳಿಗೆ ಹಬ್ಬಿತು. ಆ ಶನಿವಾರ ಡೇನಿಯಲ್ ಮೇಸ್ತ್ರಿ ಮತ್ತು ಅವನ ಹೆಂಡತಿ ವಸಂತಮ್ಮ ಬಂದು ಜಗಲಿಯ ಬೆಂಚಿನ ಎರಡು ತುದಿಗೆ ಕೂತರು. ಇವರ ಮದುವೆ ಮಾಡಿಸಿದ್ದು ಅಯ್ನೋರೇ, ಇಪ್ಪತ್ತೇಳು ವರ್ಷದ ಹಿಂದೆ. ಅಂದಿನಿಂದ ಇವರ ಜಗಳ ಬಿಡಿಸುತ್ತಿದ್ದವರೂ ಅವರೇ.

"ಹಾಗಾದ್ರೆ ನಂಗೂ ಇವರಿಗೂ ಮದುವೆ ಆಗಿಲ್ಲ ಅಲ್ವಾ ಅಯ್ನೋರೇ?" ವಸಂತಮ್ಮ ಕೇಳಿದಳು.

"ಅದು ಇನ್ನೂ ತೀರ್ಮಾನ ಆಗಬೇಕಮ್ಮ. ಈಗ ಆಗಿದೆ ಅಂತಲೂ ಹೇಳೋ ಹಾಗಿಲ್ಲ, ಇಲ್ಲ ಅಂತಲೂ ಹೇಳೋ ಹಾಗಿಲ್ಲ."

ಡೇನಿಯಲ್ ನೆಲ ನೋಡುತ್ತ, "ಮತ್ತೆ ಇವಳು ಇಷ್ಟು ವರ್ಷ ಸುಮ್ಮನೆ ನನ್ನ ಬಟ್ಟೆ ಒಗೀತಾ ಇದ್ಲಾ?" ಎಂದ. ವಸಂತಮ್ಮನಿಗೆ ನಗು ಬಂತು. ಆ ನಗು ತಡೆಯಲಾಗದೆ ಅವಳು ಸೆರಗು ಬಾಯಿಗೆ ಒತ್ತಿಕೊಂಡಳು. ಮುಂದಿನ ಭಾನುವಾರ ಇಬ್ಬರೂ ಆಲ್ದೂರಿನ ಹೋಟೆಲಿನಲ್ಲಿ ಗೋಳಿಬಜೆ ತಿನ್ನುತ್ತಿದ್ದರೆಂದು ನೋಡಿದವರು ಹೇಳಿದರು. ಮದುವೆಯಾಗದವರು ಹೀಗೆ ಒಟ್ಟಿಗೆ ತಿರುಗುವುದು ಸರಿಯೇ ಎಂದು ಸಭೆಯ ಹಿರಿಯರು ಅಯ್ನೋರಿಗೆ ದೂರು ಕೊಟ್ಟರು. ಸತ್ತವನು ದೂರು ಸ್ವೀಕರಿಸಬಹುದೇ ಎಂಬುದು ಅಯ್ನೋರಿಗೆ ಸ್ಪಷ್ಟವಿರಲಿಲ್ಲ. ತೆಗೆದು ಡ್ರಾಯರಿನಲ್ಲಿಟ್ಟರು.

ಇನ್ನು ಅಪ್ಪನನ್ನು ಕೇಳೋಣವೆಂದರೆ ಅವರು ಹೋಗಿ ಮೂವತ್ತು ವರ್ಷವಾಗಿತ್ತು. ಆ ಕಾಲದವರೆಂದು ಉಳಿದಿದ್ದವರು ಸೋದರತ್ತೆ ರಾಹೇಲಮ್ಮ ಒಬ್ಬರೇ. ತೊಂಬತ್ತು ದಾಟಿದ ಅವರು ಕಳಸದಲ್ಲಿ ಮಗಳ ಮನೆಯಲ್ಲಿದ್ದರು. ಅಯ್ನೋರು ಬಾಳೆಹೊನ್ನೂರು ದಾರಿಯ ಬಸ್ ಹಿಡಿದು ಹೋಗಿ ರಿಜಿಸ್ಟರನ್ನು ಅತ್ತೆಯ ತೊಡೆಯ ಮೇಲಿಟ್ಟರು. ಅತ್ತೆಗೆ ಅಕ್ಷರ ಕಾಣುತ್ತಿರಲಿಲ್ಲ. ಅಯ್ನೋರೇ ಓದಿ ಹೇಳಿದರು.

"ಓ, ಅದಾ," ಎಂದರು ಅತ್ತೆ. "ಅದು ನೀನಲ್ಲ ಮಗಾ. ಘಟ್ಟದ ಕೆಳಗಿಂದ ಕೆಲಸಕ್ಕೆ ಬಂದವರ ಕೂಸು. ಎರಡು ತಿಂಗಳದ್ದು, ಇನ್ನೂ ಹೆಸರಿಟ್ಟಿರಲಿಲ್ಲ. ಆ ತೋಟದಲ್ಲಿ ಮಣ್ಣು ಮಾಡೋಕೆ ಆವಾಗಿನ ದೊರೆ ಬಿಡ್ಲಿಲ್ಲ. ನಿಮ್ಮಪ್ಪ ನಮ್ಮ ಸಮಾಧಿ ಗುಡ್ಡೆಗೆ ತನ್ನಿ ಅಂದ. ಉಪದೇಶಿ ಬಂದು, ದೀಕ್ಷಾಸ್ನಾನ ಆಗದ ಕೂಸಿಗೆ ಇಲ್ಲಿ ಜಾಗ ಇಲ್ಲ, ಹೆಸರೇನು, ಯಾವತ್ತು ಸ್ನಾನ ಆಯ್ತು ಹೇಳಿ ಅಂತ ಪುಸ್ತಕ ಬಿಡಿಸಿ ಕೂತ. ನಿಮ್ಮಪ್ಪ ನಿನ್ನ ಹೆಸರು ಹೇಳಿಬಿಟ್ಟ."

"ಉಪದೇಶಿಗೆ ಗೊತ್ತಾಗಲಿಲ್ವಾ ಅತ್ತೆ?"

"ಗೊತ್ತಾಗದೆ ಏನು? ನಿನ್ನನ್ನು ಎತ್ಕೊಂಡು ನಾನು ಗುಂಡಿ ಪಕ್ಕದಲ್ಲೇ ನಿಂತಿದ್ದೆ. ನೀನು ಕಿರುಚ್ತಾ ಇದ್ದೆ. ಆ ಮಗುನ ಸ್ವಲ್ಪ ಆಚೆ ಕರ್ಕೊಂಡು ಹೋಗಮ್ಮ, ಪ್ರಾರ್ಥನೆ ಕೇಳಿಸ್ತಿಲ್ಲ ಅಂದ. ಬರೆಯೋವಾಗ ಮಾತ್ರ ತಲೆ ಎತ್ತಲಿಲ್ಲ."

"ಅದರ ಅಪ್ಪ ಅಮ್ಮ?"

"ಆ ವಾರವೇ ಗಂಟು ಕಟ್ಟಿಕೊಂಡು ಘಟ್ಟ ಇಳಿದರು. ಆ ಹುಡುಗಿ ಹೋಗೋವಾಗ ನಿನ್ನ ಕೆನ್ನೆ ಮುಟ್ಟಿ ಹೋದ್ಲು. ಅಷ್ಟೇ ನಂಗೆ ನೆನಪು."

ತಮ್ಮ ಸಮಾಧಿಗೆ ತಾವೇ ಹೋಗಿ, ಗಲಾಟೆ ಮಾಡಿ, ಹೊರಗೆ ಹಾಕಿಸಿಕೊಂಡಿದ್ದರು ಅಯ್ನೋರು. ಬಸ್ಸಿನಲ್ಲಿ ವಾಪಸು ಬರುವಾಗ ಅದನ್ನು ನೆನೆದು ನಗು ಬಂತು. ಪಕ್ಕದಲ್ಲಿ ಕೂತಿದ್ದ ಪ್ರಯಾಣಿಕನೊಬ್ಬ ಅಯ್ನೋರು ಕಣ್ಣೊರೆಸಿಕೊಂಡಿದ್ದು ಕಂಡು ಕಿಟಕಿ ಮುಚ್ಚಬೇಕಾ ಎಂದು ಕೇಳಿದ.

ಕಚೇರಿಗೆ ಫೋನ್ ಮಾಡಿ ಅತ್ತೆ ಹೇಳಿದ್ದನ್ನು ತಿಳಿಸಿದಾಗ ಕಾರ್ಯದರ್ಶಿ ತುಂಬ ಸಮಾಧಾನದಿಂದ ಮಾತಾಡಿದರು. "ಸುಲಭ ಇದೆ ಪಾಸ್ಟರೇ. ಬರಹದಲ್ಲಿ ತಪ್ಪಾಗಿದೆ ಅಂತ ಒಂದು ಪತ್ರ ಕೊಡಿ. ಆ ಸಾಲು ಹೊಡೆದುಹಾಕಿ ಸೀಲ್ ಹಾಕ್ತೀವಿ. ನೀವು ಬದುಕ್ತೀರಿ."

"ಆ ಸಾಲು ಹೋದರೆ ಅಲ್ಲಿ ಮಲಗಿರೋ ಕೂಸಿನ ಲೆಕ್ಕ ಏನು ಸಾರ್?"

ಆ ಕಡೆ ಹಾಳೆ ತಿರುಗಿಸಿದ ಸದ್ದಾಯಿತು. "ನಿಯಮದ ಪ್ರಕಾರ ಅದು ಅನಧಿಕೃತ ಆಗುತ್ತೆ. ತೆರವು ಮಾಡಿಸಬೇಕಾಗಬಹುದು. ನೋಡಬೇಕು."

ಅಯ್ನೋರು ಎರಡು ದಿನ ರಿಜಿಸ್ಟರ್ ಮುಂದಿಟ್ಟುಕೊಂಡು ಕೂತರು. ಅಪ್ಪ ಸುಳ್ಳು ಬರೆಸಿದ್ದರು, ಅದೂ ಸಭೆಯ ರಿಜಿಸ್ಟರಿನಲ್ಲಿ. ಅಂಥ ಬರಹವನ್ನು ನಂಬಿ ತಾವು ಹನ್ನೆರಡು ವರ್ಷ ತೆತ್ತಿದ್ದರು. ಆದರೆ ಆ ಸಾಲಿನಲ್ಲಿ ಒಂದು ಅಕ್ಷರ ಮುಟ್ಟಲೂ ಅವರಿಗೆ ಮನಸ್ಸು ಬರಲಿಲ್ಲ. ಮೂರನೇ ದಿನ ಬೆಳಿಗ್ಗೆ ಲೆಟರ್‌ಹೆಡ್ ತೆಗೆದು ಬರೆದರು: 'ನಾನು 14 ಜುಲೈ 1963ರಂದು ಮೃತನಾಗಿ, ಕುಂಬ್ರಿಗುಡ್ಡದ ಸಮಾಧಿ ಸ್ಥಳದ ಮೂರನೇ ಸಾಲಿನ ಎರಡನೆಯ ಜಾಗದಲ್ಲಿ ಹೂಳಲ್ಪಟ್ಟಿರುವುದು ಸತ್ಯವೆಂದು ಈ ಮೂಲಕ ದೃಢೀಕರಿಸುತ್ತೇನೆ.' ರುಜು ಹಾಕಿ, ಸಾಕ್ಷಿಗೆ ಕೃಷ್ಣಯ್ಯನವರ ಸಹಿ ತೆಗೆದುಕೊಂಡರು. ಮೇಷ್ಟ್ರು ಓದಿ ನೋಡಿ 'ಹೂಳಲ್ಪಟ್ಟಿರುವುದು' ಬೇಡ, 'ನನ್ನನ್ನು ಹೂಳಿರುವುದು' ಸಾಕು ಎಂದರು. ಅಯ್ನೋರು ತಿದ್ದಿದರು.

ಕಚೇರಿಯಿಂದ ಒಂದೇ ದಿನ ಎರಡು ಪತ್ರ ಬಂದವು. ಅಯ್ನೋರ ಹೆಸರಿಗೆ ಬಂದದ್ದರಲ್ಲಿ, ತಮ್ಮ ನಿಧನದಿಂದ ಪಾಸ್ಟರ್ ಸ್ಥಾನ ತೆರವಾಗಿದ್ದು, ಸ್ಥಳೀಯ ಅನುಭವವುಳ್ಳ ಬೇರೊಬ್ಬರು ದೊರೆಯದ ಕಾರಣ ತಮ್ಮನ್ನೇ ತಾತ್ಕಾಲಿಕ ಉಸ್ತುವಾರಿಯಾಗಿ ನೇಮಿಸಿದೆ ಎಂದಿತ್ತು. ಹಿಂದಿನ ಸಂಸ್ಕಾರಗಳನ್ನು ಉಸ್ತುವಾರಿಯವರು ಪರಿಶೀಲಿಸಿ ಊರ್ಜಿತಗೊಳಿಸಬಹುದು. ಎರಡನೆಯದು ಸುಗುಣಮ್ಮನಿಗೆ ಬರೆದ ಸಂತಾಪ. ಅವರು ಅಡುಗೆಮನೆಯ ಬೆಳಕಿಗೆ ಹಿಡಿದು ನಿಧಾನವಾಗಿ ಓದಿದರು.

"ಎಷ್ಟು ಚೆನ್ನಾಗಿ ಬರೆದಿದ್ದಾರೆ ನೋಡಿ. ಇದ್ದಾಗ ಒಂದು ಸಲವೂ ಹೀಗೆ ಬರೆದಿರಲಿಲ್ಲ."

ಅಯ್ನೋರು ಹಿಂದಿನ ಪಾಸ್ಟರರ ಕೆಲಸವನ್ನೆಲ್ಲ ಪರಿಶೀಲಿಸಿ, ತೃಪ್ತಿಕರವಾಗಿದೆ ಎಂದು ಷರಾ ಬರೆದರು. ಡೇನಿಯಲ್ ಮತ್ತು ವಸಂತಮ್ಮನ ಮದುವೆಯ ಮುಂದೆ ಮಾತ್ರ ಪೆನ್ನು ನಿಂತಿತು. ಅವರಿಬ್ಬರನ್ನೂ ಕರೆಸಿ ಕೇಳಿದರು. ವಸಂತಮ್ಮ, "ಇನ್ನೊಂದೆರಡು ತಿಂಗಳು ಹೀಗೇ ಇರ್ಲಿ ಅಯ್ನೋರೇ," ಎಂದಳು.

ಮಳೆ ಬಿಟ್ಟ ಮೇಲೆ ಅಯ್ನೋರು ಮೂರನೇ ಸಾಲಿನ ಪೊದೆ ಸವರಿಸಿದರು. ಅಲ್ಲಿ ಕಲ್ಲಿರಲಿಲ್ಲ. ಮೂಡಿಗೆರೆಯಲ್ಲಿ ಕಲ್ಲು ಕೆತ್ತುವ ದರ್ಶನ್‌ಗೆ ಫೋನ್ ಮಾಡಿ, ಸಣ್ಣದೊಂದು ಬೇಕು ಎಂದರು.

"ತೀರಿಕೊಂಡವರು ಯಾರು ಸಾರ್?"

"ಪ್ರೇಮಾನಂದ ಅಂತ. ಎರಡು ತಿಂಗಳ ಕೂಸು."

"ನಿಮಗೇನಾಗಬೇಕು?"

ಅಯ್ನೋರು ಸ್ವಲ್ಪ ಯೋಚಿಸಿದರು. "ಮನೆಯವನೇ ಮಾರಾಯ," ಎಂದು, ಅಕ್ಷರಗಳ ಅಳತೆ ಹೇಳತೊಡಗಿದರು.